ಖಳನಾಯಕನ ತಾಯಿಯ ಜಗಲಿಯಲ್ಲಿ ಒಂದು ಟೀವಿ

ರೇಡಿಯೊ, ಟೀವಿ ರಿಪೇರಿ ಕಲಿಯಲು ಬರುವವರು ನನ್ನನ್ನು ಮೊದಲು ಕೇಳುವುದು ಯಾವ ಮೀಟರ್ ಕೊಳ್ಳಬೇಕು, ಯಾವ ಸಾಲ್ಡರಿಂಗ್ ಐರನ್ ಬಾಳಿಕೆ ಬರುತ್ತದೆ ಎಂದು. ಯಾವುದಾದರೂ ಕೊಳ್ಳಿ ಎನ್ನುತ್ತೇನೆ. ಆದರೆ ಯಾರ ಮನೆಗೆ ಹೋದರೂ ಅವರು ಕೊಟ್ಟ ಕಾಫಿ ಕುಡಿದು ಮುಗಿಸುವ ತನಕ ಸೆಟ್ಟಿನ ಹಿಂದಿನ ಸ್ಕ್ರೂ ಬಿಚ್ಚಬೇಡಿ. ಮನೆಯವರು ಮಾತಾಡಲಿ. ಅರ್ಧ ರಿಪೇರಿ ಆ ಮಾತಿನಲ್ಲೇ ಆಗಿಹೋಗುತ್ತದೆ.

ಇದು ನನ್ನ ಬುದ್ಧಿಯಲ್ಲ, ನನ್ನ ಯಜಮಾನರಾದ ರುದ್ರಯ್ಯನವರದು. ತಿಪಟೂರಿನಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ಅವರ ರೇಡಿಯೊ ಅಂಗಡಿ ಇತ್ತು. ಎಪ್ಪತ್ತರ ದಶಕದ ಮೊದಲಲ್ಲಿ ನಾನು ಅಲ್ಲಿ ಸೇರಿದಾಗ ವಾಲ್ವ್ ರೇಡಿಯೊಗಳ ಕಾಲ. ಕೊಬ್ಬರಿ ಮಾರಲು ಬಂದವರು ಗಾಡಿಯಲ್ಲಿ ಮೂಟೆಗಳ ನಡುವೆ ರೇಡಿಯೊ ಇಟ್ಟುಕೊಂಡು ಬರುತ್ತಿದ್ದರು. ಬಿಚ್ಚಿದರೆ ಒಳಗೆ ತೆಂಗಿನ ನಾರಿನಲ್ಲಿ ಕಟ್ಟಿದ ಇಲಿಯ ಗೂಡು ಸಿಗುತ್ತಿತ್ತು. ನಮ್ಮ ಸೀಮೆಯ ಇಲಿಗಳಿಗೆ ಬೆಚ್ಚಗಿನ ವಾಲ್ವು ಎಂದರೆ ಬಹಳ ಇಷ್ಟ.

ನಾನು ಯಜಮಾನರ ಮಾತು ಕೇಳದೆ ಪೆಟ್ಟು ತಿಂದದ್ದು ಕೆಂಕೆರೆಯಲ್ಲಿ. ಅಲ್ಲೊಂದು ಮನೆಯ ರೇಡಿಯೊ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಗೊರಗೊರ ಎಂದು ಸಂಜೆಯವರೆಗೂ ಹಾಡುತ್ತಿರಲಿಲ್ಲ. ಮೂರು ಸಲ ಹೋದೆ. ಒಂದು ಸಲ ವಾಲ್ವ್ ಬದಲಾಯಿಸಿದೆ, ಇನ್ನೊಂದು ಸಲ ಕಂಡೆನ್ಸರ್ ಬದಲಾಯಿಸಿದೆ, ಮೂರನೆಯ ಸಲ ಸುಮ್ಮನೆ ಬೆವರಿದೆ. ನಾಲ್ಕನೆಯ ಸಲ ಯಜಮಾನರೇ ಬಂದರು. ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಾ ಮನೆಯಾಕೆಯೊಡನೆ ಮಳೆ ಬೆಳೆ ಎಲ್ಲ ಮಾತಾಡಿದರು. ಹನ್ನೆರಡಕ್ಕೆ ಆಕೆ, ಒಂದು ಗಳಿಗೆ ಬಂದೆ ಎಂದು ಎದ್ದು ಹೋಗಿ, ಒಗೆದ ಸೀರೆಯನ್ನು ಅಂಗಳದಲ್ಲಿ ಉದ್ದಕ್ಕೆ ಕಟ್ಟಿದ್ದ ತಂತಿಯ ಮೇಲೆ ಹರವಿದರು. ಅದು ರೇಡಿಯೊದ ಏರಿಯಲ್. ಒದ್ದೆ ಸೀರೆ ಗೋಡೆಗೆ ತಾಗಿಕೊಂಡಿತ್ತು, ಸ್ಟೇಷನ್ನೆಲ್ಲ ಗೋಡೆಗೆ ಇಳಿದುಹೋಗುತ್ತಿತ್ತು. ಯಜಮಾನರು ವಾಪಸು ಬರುವಾಗ ಬಸ್ಸಿನಲ್ಲಿ ಹುಳಿಯಾರು ದಾಟುವ ತನಕ ಸುಮ್ಮನೆ ನಗುತ್ತಿದ್ದರು. ಬೈದಿದ್ದರೆ ವಾಸಿ ಎನ್ನಿಸಿತು.

ಆಮೇಲೆ ಟ್ರಾನ್ಸಿಸ್ಟರ್ ಬಂತು, ಇಲಿಗಳು ಬೇರೆ ಮನೆ ನೋಡಿಕೊಂಡವು. ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಟೀವಿ ಬಂತು. ನಾನೂ ಯಜಮಾನರೂ ಒಂದೇ ಪುಸ್ತಕ ಇಟ್ಟುಕೊಂಡು ಅಂಗಡಿ ಬಾಗಿಲು ಹಾಕಿಕೊಂಡು ಕಲಿತೆವು. ಬೆಂಗಳೂರಿನ ಸಿಗ್ನಲ್ ನಮ್ಮ ಕಡೆಗೆ ಬರುವ ಹೊತ್ತಿಗೆ ಸುಸ್ತಾಗಿರುತ್ತಿತ್ತು. ಹೀಗಾಗಿ ಎತ್ತರದ ಕಬ್ಬಿಣದ ಕಂಬ, ಅದರ ತುದಿಗೆ ಆಂಟೆನಾ, ಆಂಟೆನಾಗೆ ಬಲ ಕೊಡುವ ಬೂಸ್ಟರ್ ಎಲ್ಲ ಬೇಕಿತ್ತು. ಅರಳಗುಪ್ಪೆಯಲ್ಲಿ ಒಬ್ಬರು, ಕಂಬ ಯಾಕೆ, ಐವತ್ತು ಅಡಿ ತೆಂಗಿನ ಮರವೇ ಇದೆಯಲ್ಲ ಎಂದರು. ನನಗೂ ಸರಿ ಎನ್ನಿಸಿ ಮರದ ತುದಿಗೇ ಆಂಟೆನಾ ಕಟ್ಟಿಸಿದೆ. ಗಾಳಿ ಬೀಸಿದಾಗ ಮರ ತೂಗುವುದು, ವಾರ್ತೆ ಓದುವವರು ಬರುವುದು, ಹೋಗುವುದು. ಆ ಮನೆಯವರು ಒಂದು ತಿಂಗಳು ಬೇಸರವಿಲ್ಲದೆ ಹಾಗೆಯೇ ನೋಡಿದರು. ಮರ ನಿಂತಾಗ ಮಾತ್ರ ದೇಶದಲ್ಲಿ ಏನಾಗುತ್ತಿದೆ ಎಂದು ತಿಳಿಯುತ್ತಿತ್ತಂತೆ.

ಇನ್ನು ನನ್ನ ವೃತ್ತಿಯಲ್ಲಿ ನಾನು ಮರೆಯದ ಕೆಲಸದ ವಿಷಯ ಹೇಳುತ್ತೇನೆ.

ಆ ದಿನಗಳಲ್ಲಿ ಮಂಗಳವಾರ ಸಂಜೆ ಕನ್ನಡದಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಭೀಮಣ್ಣ ಎಂಬ ಚಿಕ್ಕಪ್ಪನದೇ ಕೇಡಿಗನ ಪಾತ್ರ. ಅಣ್ಣನ ಮಗಳು ಸರಳಾ ಓದಬೇಕು ಎನ್ನುತ್ತಾಳೆ, ಇವನು ಬೇಡ ಎನ್ನುತ್ತಾನೆ. ಕೊನೆಗೆ ಪರೀಕ್ಷೆಯ ಹಿಂದಿನ ದಿನ ಆ ಹುಡುಗಿಯ ಹಾಲ್ ಟಿಕೆಟ್ಟನ್ನು ಅವಳ ಕಣ್ಣೆದುರೇ ಒಲೆಗೆ ಹಾಕಿ ಸುಟ್ಟುಬಿಡುತ್ತಾನೆ. ಆ ಕಂತು ಬಂದ ಮಾರನೆಯ ದಿನ ತಿಪಟೂರಿನ ಹೋಟೆಲುಗಳಲ್ಲಿ ಬೇರೆ ಮಾತೇ ಇರಲಿಲ್ಲ. ಭೀಮಣ್ಣ ಕೈಗೆ ಸಿಕ್ಕಿದ್ದರೆ ಜನ ಅವನನ್ನು ತೆಂಗಿನಕಾಯಿಯ ಹಾಗೆ ಸುಲಿದುಬಿಡುತ್ತಿದ್ದರು.

ಭೀಮಣ್ಣನ ಪಾತ್ರ ಮಾಡಿದವನು ನಮ್ಮ ಕಡೆಯವನೇ. ತುರುವೇಕೆರೆ ತಾಲ್ಲೂಕಿನ ದಂಡಿನಶಿವರದ ಪಂಚಾಕ್ಷರಿ. ಬೆಂಗಳೂರಿನ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ, ರಜೆಯ ದಿನ ನಾಟಕ. ತೆಳ್ಳಗಿನ ಮನುಷ್ಯ, ಮೆತ್ತಗಿನ ಮಾತು, ಮೀಸೆಯೇ ಇಲ್ಲ. ಟೀವಿಯಲ್ಲಿ ಕಾಣುತ್ತಿದ್ದದ್ದು ಅಂಟಿಸಿದ ಮೀಸೆ.

ಹಾಲ್ ಟಿಕೆಟ್ ಸುಟ್ಟ ಮೇಲೆ ಒಂದು ಭಾನುವಾರ ಅವನು ಊರಿನಿಂದ ಬೆಂಗಳೂರಿಗೆ ರೈಲು ಹಿಡಿಯಲು ಬಂದವನು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದ. ರಿಪೇರಿಯಾದ ಟ್ರಾನ್ಸಿಸ್ಟರ್ ಒಯ್ಯಲು ಬಂದು ನಿಂತಿದ್ದವರೊಬ್ಬರು ಅವನ ಮುಖ ನೋಡಿದರು, ಕೈಯಲ್ಲಿದ್ದ ರಸೀತಿಯನ್ನು ಮೆಲ್ಲಗೆ ಮಡಿಸಿ ಒಳಜೇಬಿಗೆ ಸೇರಿಸಿಕೊಂಡರು. ಪಂಚಾಕ್ಷರಿಗೂ ಅದು ಕಂಡಿತು. ನಕ್ಕ. ಆದರೆ ನಗು ಮುಖದಲ್ಲಿ ನಿಲ್ಲಲಿಲ್ಲ.

ಅವನು ಹೇಳಿದ್ದು ಇಷ್ಟು. ಅವನ ತಾಯಿ ಗಂಗಮ್ಮ ಆ ಕಂತು ನೋಡಿದ ಮೇಲೆ ಅವನೊಡನೆ ಮಾತು ಬಿಟ್ಟಿದ್ದರು. ಎರಡು ದಿನ ಊರಲ್ಲಿದ್ದ. ಬಿಸಿ ಬಿಸಿ ರೊಟ್ಟಿ ಹಾಕಿದರು, ತಲೆಗೆ ಎಣ್ಣೆ ಕೊಟ್ಟರು, ಬಾಯಿ ಮಾತ್ರ ಬಿಡಲಿಲ್ಲ. ಬರುವ ಮಂಗಳವಾರ ಬಿಟ್ಟು ಅದರ ಮುಂದಿನ ಮಂಗಳವಾರದ ಕಂತು ಪೂರಾ ಭೀಮಣ್ಣನ ಹಿಂದಿನ ಕತೆ. ಅವನು ಯಾಕೆ ಹೀಗಾದ ಎಂಬುದು ಅದರಲ್ಲಿ ಬರುತ್ತದೆ. ಅದನ್ನು ಅಮ್ಮ ನೋಡಬೇಕು. ಆದರೆ ಊರ ಪಂಚಾಯಿತಿ ಆಫೀಸಿನ ಟೀವಿ ಕೆಟ್ಟು ಕೂತಿದೆ.

"ಸಿದ್ದಣ್ಣ, ನೀವು ಸೆಟ್ ಸರಿ ಮಾಡ್ತೀರ, ಅದು ನಂಗೆ ಗೊತ್ತು. ಅಮ್ಮನ್ನ ಅದರ ಮುಂದೆ ಕೂರಿಸ್ಬೇಕು. ಅದೇ ಕಷ್ಟ" ಎಂದ.

ನಾನು ಎರಡಕ್ಕೂ ಒಪ್ಪಿಕೊಂಡೆ. ಆಗ ನನಗೆ ಯಾವುದನ್ನೂ ಇಲ್ಲ ಎನ್ನಲು ಬರುತ್ತಿರಲಿಲ್ಲ.

ಮಾರನೆಯ ದಿನವೇ ಹೋಗಿ ಸೆಟ್ ನೋಡಿದೆ. ಪಿಕ್ಚರ್ ಟ್ಯೂಬಿಗೆ ಭಾರೀ ವೋಲ್ಟೇಜ್ ಕೊಡುವ ಇಎಚ್‌ಟಿ ಎಂಬ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಬೆಂಗಳೂರಿನಿಂದ ತರಿಸಬೇಕು. ಅದರ ಮೇಲಿನ ನಂಬರನ್ನು ಬರೆದುಕೊಳ್ಳಲು ಕಾಗದ ಹುಡುಕಿದೆ, ಸಿಗಲಿಲ್ಲ. ಐದೇ ಅಂಕಿ ಅಲ್ಲವೆ, ನೆನಪಿರುತ್ತದೆ ಎಂದುಕೊಂಡು ಬಂದುಬಿಟ್ಟೆ. ತಿಪಟೂರಿಗೆ ಬಂದು ಧೈರ್ಯವಾಗಿ ಆರ್ಡರ್ ಬರೆದೆ.

ಪಾರ್ಸೆಲ್ ಬಂದದ್ದು ಆ ಮಂಗಳವಾರವೇ ಬೆಳಿಗ್ಗೆ. ಬಿಚ್ಚಿ ನೋಡಿದರೆ ಕಾಲುಗಳೇ ಬೇರೆ, ಆಕಾರವೇ ಬೇರೆ. ನನ್ನ ನೆನಪಿನಲ್ಲಿ ಎರಡು ಅಂಕಿ ಜಾಗ ಬದಲಾಯಿಸಿಕೊಂಡಿದ್ದವು. ಅದನ್ನು ಹಿಡಿದುಕೊಂಡು ಯಜಮಾನರ ಮುಂದೆ ನಿಂತೆ. ಅವರು ಕನ್ನಡಕ ಹಣೆಗೆ ಏರಿಸಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಬರೆದುಕೋ ಎಂದು ಎಷ್ಟು ಸಲ ಹೇಳಿದ್ದೇನೆ ಎಂದರು, ಅಷ್ಟೆ. ಅದನ್ನು ಮತ್ತೆ ಡಬ್ಬಿಗೆ ಹಾಕಿ, ನಮ್ಮ ಮನೆಯಲ್ಲಿ ಚಿಕ್ಕ ಟೀವಿ ಇದೆ, ಬೇಕಾದರೆ ನೀನೇ ಹೋಗಿ ಕೇಳು ಎಂದರು.

ಅಂಗಡಿಯ ಹಿಂದೆಯೇ ಅವರ ಮನೆ. ಟೀವಿ ಅವರ ಹೆಂಡತಿ ಮಂಗಳಮ್ಮನವರದು. ಕೈಯಲ್ಲಿ ಎತ್ತಿಕೊಂಡು ಹೋಗುವಂಥ ಚಿಕ್ಕ ಕಪ್ಪು ಬಿಳುಪು ಸೆಟ್ಟು, ಕರೆಂಟಿನಲ್ಲೂ ನಡೆಯುತ್ತಿತ್ತು, ಬ್ಯಾಟರಿಯಲ್ಲೂ ನಡೆಯುತ್ತಿತ್ತು. ಆ ಧಾರಾವಾಹಿಯ ಒಂದು ಕಂತನ್ನೂ ಅವರು ಬಿಟ್ಟವರಲ್ಲ. ಭೀಮಣ್ಣನ ಕತೆ ಬರುವ ದಿನ ಟೀವಿ ಕೊಡಿ ಎಂದು ಕೇಳುವುದು ಎಂದರೆ ಹಬ್ಬದ ದಿನ ಎದುರಿನ ಎಲೆ ಎತ್ತಿದ ಹಾಗೆ. ನಾನು ನಾಚಿಕೆಯಿಂದ ಎಲ್ಲವನ್ನೂ ಹೇಳಿದೆ. ಅವರು ಬಿಡಿಸುತ್ತಿದ್ದ ಅವರೆಕಾಯಿಯಿಂದ ತಲೆ ಎತ್ತಲಿಲ್ಲ.

"ಹೆತ್ತೋಳು ನೋಡ್ಬೇಕು ಕಣಪ್ಪ. ನಾನು ನೋಡ್ದಿದ್ರೆ ಏನಾಯ್ತದೆ, ತಗೊಂಡ್ಹೋಗು. ಆದ್ರೆ ಒಂದು ಮಾತೂ ಬುಡ್ದಂಗೆ ನೋಡ್ಕೊಂಡು ಬಂದು ನಂಗೆ ಹೇಳ್ಬೇಕು" ಎಂದರು.

ಟೀವಿಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸು ಹತ್ತಿದೆ. ಗುಂಡಿ ಬಂದಾಗಲೆಲ್ಲ ಎದೆಗೆ ಒತ್ತಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ಮುದುಕಿ, ಮಗುವಿಗೆ ಜ್ವರವೇ ಎಂದು ಕೇಳಿದರು.

ನಾಲ್ಕು ಗಂಟೆಗೆ ದಂಡಿನಶಿವರ ತಲುಪಿದೆ. ಪಂಚಾಯಿತಿ ಆಫೀಸಿಗೆ ಎದುರಾಗಿಯೇ ಗಂಗಮ್ಮನವರ ಮನೆ. ದೊಡ್ಡ ಅಂಗಳ, ಎತ್ತರದ ಜಗಲಿ, ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ. ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ನಿಂತು ನೋಡಿಕೊಂಡು, ಇಬ್ಬರು ಹೆಣ್ಣುಮಕ್ಕಳನ್ನು ತುರುವೇಕೆರೆಯ ಹೈಸ್ಕೂಲಿನವರೆಗೆ ಓದಿಸಿದ ಹೆಂಗಸು. ಊರಿನ ಯಾವ ಹುಡುಗಿ ಶಾಲೆ ಬಿಟ್ಟರೂ ಆ ಮನೆಯ ಬಾಗಿಲಿಗೆ ಹೋಗಿ ಜಗಳ ತೆಗೆಯುತ್ತಿದ್ದರಂತೆ. ಅಂಥವರ ಮಗ ಹಾಲ್ ಟಿಕೆಟ್ ಸುಟ್ಟಿದ್ದ. ಬೋರ್‌ವೆಲ್ ಹತ್ತಿರ ಅವರನ್ನು ಕಂಡು ಹೆಂಗಸರು ಮಾತು ನಿಲ್ಲಿಸುತ್ತಿದ್ದರು.

ನನ್ನನ್ನು ಕಂಡ ಕೂಡಲೇ ಅವರು ಬೈದರು. ಮೊದಲು ಪಂಚಾಯಿತಿಯ ಟೀವಿಯಲ್ಲಿ ಅಕ್ಕಿ ಚೆಲ್ಲಿದ ಹಾಗೆ ಬರೀ ಚುಕ್ಕಿ ಕಾಣುತ್ತಿತ್ತು, ಯಾರು ಯಾರೆಂದೇ ತಿಳಿಯುತ್ತಿರಲಿಲ್ಲ. ಹಾಲ್ ಟಿಕೆಟ್ಟಿನ ಕಂತಿಗೆ ಸ್ವಲ್ಪ ಮುಂಚೆ ನಾನು ಬಂದು ಕಂಬ ತಿರುಗಿಸಿ ಭೀಮಣ್ಣನ ಮೀಸೆಯೆಲ್ಲ ಕಾಣುವ ಹಾಗೆ ಮಾಡಿಟ್ಟೆ. ಒಂದು ವಾರ ತಡವಾಗಿ ಬಂದಿದ್ದರೆ ಊರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ನಮ್ಮ ಕೆಲಸದಲ್ಲಿ ಚಿತ್ರ ಚೆನ್ನಾಗಿ ಬಂತೆಂದು ಬೈಸಿಕೊಂಡದ್ದು ಅದೊಂದೇ ಸಲ. ಬೈದು ಮುಗಿಸಿ ಕಾಫಿ ತಂದುಕೊಟ್ಟರು. ನಾನು ಮೆಲ್ಲಗೆ ಕುಡಿಯುತ್ತಾ ಕೂತೆ. ಲೋಟ ಅರ್ಧವಾಗುವ ಹೊತ್ತಿಗೆ ನಿಜವಾದ ಮಾತು ಬಂತು.

"ಜನ ಅಂತಾರೆ ಅಂತ ಅಲ್ಲ ಕಣಪ್ಪ. ನಾಟ್ಕ ಅಂತ ನಂಗೂ ಗೊತ್ತಿಲ್ವಾ. ಆ ಕಾಗ್ದ ಸುಡೋವಾಗ ಅವ್ನ ಮುಖ ನೋಡ್ದೆ. ಅದ್ರಲ್ಲಿ ನನ್ ಮಗ ಎಲ್ಲೂ ಇರ್ಲಿಲ್ಲ. ಅಂಥ ಮುಖ ಎಲ್ಲಿಂದ ತಂದ? ನಾನು ಕೊಟ್ಟಿದ್ದಲ್ಲ ಅದು."

ಇವತ್ತಿನ ಕಂತು ಅದರ ವಿಷಯವೇ, ಬನ್ನಿ ಅಮ್ಮ ಎಂದೆ. ಬರುವುದಿಲ್ಲ ಎಂದರು. ಇನ್ನೊಂದು ಸಲ ಕೇಳಿದೆ. ಲೋಟ ತೆಗೆದುಕೊಂಡು ಒಳಗೆ ಹೋದರು.

ಆರು ಗಂಟೆಗೆ ಕರೆಂಟ್ ಹೋಯಿತು. ಹೋದ ಕರೆಂಟು ಬೆಳಿಗ್ಗೆಯೇ ಬರುವುದು ಎಂದು ಪಂಚಾಯಿತಿಯವರು ಬೀಗ ಹಿಡಿದುಕೊಂಡು ಹೊರಟರು. ನನ್ನ ಕೈಯಲ್ಲಿ ಬ್ಯಾಟರಿಯಲ್ಲಿ ನಡೆಯುವ ಟೀವಿ ಇತ್ತು, ಬ್ಯಾಟರಿ ಇರಲಿಲ್ಲ. ಆ ಊರಿನ ಕಲ್ಲೇಶ ಎಂಬವರಿಗೆ ಟ್ರ್ಯಾಕ್ಟರ್ ಇತ್ತು. ಕೇಳಿದ ಕೂಡಲೇ ಟ್ರ್ಯಾಕ್ಟರನ್ನೇ ಓಡಿಸಿಕೊಂಡು ಬಂದರು. ಆದರೆ ಪಂಚಾಯಿತಿ ಆಫೀಸಿನ ಮುಂದೆ ಚರಂಡಿಗೆ ಅಗೆದ ಮಣ್ಣಿನ ರಾಶಿ, ಟ್ರ್ಯಾಕ್ಟರ್ ಹತ್ತಿರ ಹೋಗದು. ಬ್ಯಾಟರಿ ಕಳಚೋಣವೆಂದರೆ ಅದರ ನಟ್ಟು ತುಕ್ಕು ಹಿಡಿದು ಕೂತಿತ್ತು. ಟ್ರ್ಯಾಕ್ಟರ್ ನಿಲ್ಲಿಸಲು ಜಾಗವಿದ್ದದ್ದು ಒಂದೇ ಕಡೆ, ಗಂಗಮ್ಮನವರ ಅಂಗಳದಲ್ಲಿ. ಆಫೀಸಿನ ಮೇಲಿನ ಆಂಟೆನಾದಿಂದ ಅಲ್ಲಿಗೆ ರಸ್ತೆ ದಾಟಿಸಿ ತಂತಿ ಎಳೆದರೆ ಸಾಕಿತ್ತು.

ಮತ್ತೆ ಅವರ ಬಾಗಿಲಿಗೆ ಹೋಗಿ, ಅಮ್ಮ, ನಿಮ್ಮ ಜಗಲಿ ಬೇಕಾಗಿತ್ತು ಎಂದೆ. ಅವರು ನನ್ನನ್ನು ನೋಡಿದರು, ಟ್ರ್ಯಾಕ್ಟರ್ ನೋಡಿದರು, ಅದರ ಹಿಂದೆ ಚಾಪೆ ಹಿಡಿದು ನಿಂತಿದ್ದ ಊರನ್ನು ನೋಡಿದರು. ಜಗಲಿ ಇರುವುದು ಬಂದವರು ಕೂರಲಿಕ್ಕೇ, ಇಟ್ಟುಕೊಳ್ಳಿ, ನನಗೆ ಅಡುಗೆಮನೆಯಲ್ಲಿ ಕೆಲಸವಿದೆ ಎಂದು ಒಳಗೆ ಹೋದರು. ಒಂದು ಗಳಿಗೆಯಲ್ಲಿ ತುರಿಮಣೆಯ ಮೇಲೆ ಕಾಯಿ ತುರಿಯುವ ಸದ್ದು ಶುರುವಾಯಿತು.

ಟೀವಿ ಜೋಡಿಸಿ ಸ್ವಿಚ್ ಹಾಕಿದೆ. ಬೆಳಕು ಬಂತು, ಚಿತ್ರ ಬರಲಿಲ್ಲ. ಬರೀ ಅಕ್ಕಿ. ಧಾರಾವಾಹಿಗೆ ಐದು ನಿಮಿಷವಿತ್ತು. ತಂತಿ ಅಲುಗಾಡಿಸಿದೆ, ಗುಂಡಿ ತಿರುಗಿಸಿದೆ. ಇನ್ನೂರು ಜನ ಬೆನ್ನ ಹಿಂದೆ ಕೂತಿರುವಾಗ ತಲೆ ಓಡುವುದಿಲ್ಲ. ಆಗ ಕಲ್ಲೇಶ ಅವರು, ಆ ಕಂಬದ ತುದಿಯ ಡಬ್ಬಿಗೂ ಕರೆಂಟು ಬೇಡವೇ ಎಂದು ಸುಮ್ಮನೆ ಕೇಳಿದರು. ಬೂಸ್ಟರ್! ಟೀವಿಗೆ ಬ್ಯಾಟರಿ ಕೊಟ್ಟು ಬೂಸ್ಟರನ್ನು ಮರೆತಿದ್ದೆ. ಅದಕ್ಕೂ ಬ್ಯಾಟರಿಯಿಂದ ಎರಡು ಎಳೆ ಕೊಟ್ಟ ಕೂಡಲೇ ಅಕ್ಕಿಯೆಲ್ಲ ಸರಿದು ಸಂಗೀತ ಕೇಳಿತು. ಅಂಗಳದ ತುಂಬ ಶಿಳ್ಳೆ.

ಆ ಕಂತಿನ ಕತೆ ಇದು. ಭೀಮಣ್ಣನಿಗೆ ಒಬ್ಬ ತಂಗಿ, ತುಂಗಾ. ಹೆಣ್ಣಿಗೆ ಓದು ಯಾಕೆ ಎಂದು ಮನೆಯವರೆಲ್ಲ ತಡೆದಾಗ ಅವಳ ಪರ ನಿಂತವನು ಇದೇ ಭೀಮಣ್ಣ. ತಾನೇ ಪೆಟ್ಟಿಗೆ ಹೊತ್ತು ಬಸ್ಸು ಹತ್ತಿಸಿ ಪಟ್ಟಣದ ಹಾಸ್ಟೆಲ್ಲಿಗೆ ಬಿಟ್ಟು ಬರುತ್ತಾನೆ. ವಾರಕ್ಕೊಂದು ಕಾಗದ ಬರೆಯುತ್ತಾಳೆ. ಮನೆಯಲ್ಲಿ ಓದು ಬರುವವನು ಇವನೊಬ್ಬನೇ. ಒಂದು ದಿನ ಕಬಡ್ಡಿ ಪಂದ್ಯಕ್ಕೆ ಹೊರಟಿರುವಾಗ ಕಾಗದ ಬರುತ್ತದೆ. ಬಂದು ಓದೋಣ ಎಂದು ಜೇಬಿಗೆ ಹಾಕಿಕೊಳ್ಳುತ್ತಾನೆ. ಪಂದ್ಯ ಗೆದ್ದ ಖುಷಿಯಲ್ಲಿ ಮೂರು ದಿನ ಮರೆಯುತ್ತಾನೆ. ಅದರಲ್ಲಿ ಇದ್ದದ್ದು, ಅಣ್ಣ, ಜ್ವರ ಬಿಡುತ್ತಿಲ್ಲ, ಬಂದು ಕರೆದುಕೊಂಡು ಹೋಗು ಎಂದು. ಅವನು ಹೋಗುವ ಹೊತ್ತಿಗೆ ತಡವಾಗಿತ್ತು. ಅಂದಿನಿಂದ ಆ ಮನೆಯ ಹೆಣ್ಣುಮಗಳು ಓದಲು ಹೊಸಿಲು ದಾಟುವುದೆಂದರೆ ಅವನಿಗೆ ಮೈ ನಡುಕ. ಆ ನಡುಕವನ್ನು ಸಿಟ್ಟು ಮಾಡಿಕೊಂಡ.

ನನ್ನ ಒಂದು ಕಿವಿ ಅಡುಗೆಮನೆಯ ಕಡೆಗೇ ಇತ್ತು. ತುಂಗಾ ಬಸ್ಸು ಹತ್ತುವಾಗ ತುರಿಯುವ ಸದ್ದು ನಿಧಾನವಾಯಿತು. ಓದದ ಕಾಗದ ಜೇಬಿಗೆ ಇಳಿದಾಗ ನಿಂತೇಹೋಯಿತು. ತಿರುಗಿ ನೋಡಿದರೆ ಗಂಗಮ್ಮ ಬಾಗಿಲಲ್ಲಿ ನಿಂತಿದ್ದರು, ಕೈಗೆಲ್ಲ ಕಾಯಿತುರಿ.

ತೆರೆಯ ಮೇಲೆ ಭೀಮಣ್ಣ ಆ ಕಾಗದ ಓದಿ ಮುಗಿಸಿದ. ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಕೆಳತುಟಿ ಕಚ್ಚಿಕೊಂಡು ಮುಖ ಮೇಲೆತ್ತಿ ಮನೆಯ ಸೂರನ್ನೇ ನೋಡುತ್ತಾ ಕೂತ. ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು.

"ಅವ್ರಪ್ಪಾರು ಹಿಂಗೇ ಅಳೋರು" ಎಂದರು ಗಂಗಮ್ಮ, ಯಾರಿಗೂ ಅಲ್ಲದ ಹಾಗೆ. "ಸೂರು ನೋಡ್ಕೊಂಡು. ಅವರು ಹೋದಾಗ ಇವ್ನಿಗೆ ಆರು ವರ್ಷ. ಯಾವಾಗ ನೋಡ್ಕೊಂಡಿದ್ನೋ."

ಅಲ್ಲೇ ಹೊಸಿಲ ಮೇಲೆ ಕೂತರು. ಮುಂದೆ ಕೂತಿದ್ದ ಹೆಂಗಸರು ಸರಿದು ಜಾಗ ಬಿಟ್ಟರು.

ಕೊನೆಯಲ್ಲಿ ಕತೆ ಮತ್ತೆ ಈಗಿನ ಕಾಲಕ್ಕೆ ಬರುತ್ತದೆ. ಭೀಮಣ್ಣ ತಣ್ಣಗಾದ ಒಲೆಯ ಬೂದಿಯನ್ನು ಕೆದಕಿ ನೋಡುತ್ತಾನೆ, ಸರಳಾಳ ಕೋಣೆಯ ಬಾಗಿಲಿನ ತನಕ ಹೋಗುತ್ತಾನೆ, ಏನೂ ಹೇಳದೆ ವಾಪಸು ಬರುತ್ತಾನೆ. ಅಲ್ಲಿಗೆ ಮುಗಿಯಿತು.

ಟೀವಿ ಆರಿಸಿದ್ದೇ ತಡ, ಜಗಲಿಯ ಮೇಲೆ ನ್ಯಾಯ ಶುರುವಾಯಿತು. ಹದಿನೈದು ದಿನದಿಂದ ಭೀಮಣ್ಣನಿಗೆ ಶಾಪ ಹಾಕುತ್ತಿದ್ದ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಪಾಪ, ಅವನಾದರೂ ಏನು ಮಾಡುತ್ತಾನೆ ಎಂದು ಅವನ ಪರ ನಿಂತರು. ಕಲ್ಲೇಶ ಅವರು, ತಂಗಿ ಸತ್ತರೆ ಅಣ್ಣನ ಮಗಳು ಏನು ಮಾಡಿದ್ದಳು ಎಂದರು. ಆಗ ಗಂಗಮ್ಮ ಎದ್ದು ನಿಂತರು. ತಮ್ಮ ಮಗನಿಗೆ ವಿರುದ್ಧವಾಗಿ ವಾದ ಮಾಡಿದರು.

"ದುಃಖ ಇತ್ತು ಅಂತ ಇನ್ನೊಬ್ರ ಮಗಳ ಓದು ಸುಡೋದಾ? ಹಂಗಾದ್ರೆ ಗಂಡ ಹೋದ ದುಃಖಕ್ಕೆ ನಾನು ಈ ಊರ್ನೇ ಸುಡ್ಬೇಕಾಗಿತ್ತು. ತಪ್ಪು ತಪ್ಪೇ ಕಣ್ರೇ."

ಆಮೇಲೆ ಅವರು ಒಳಗೆ ಹೋಗಿ ನೋಡಿದರೆ, ಒಂದು ಕಾಯಿ ತುರಿಯಲು ಕೂತವರು ಗಮನವಿಲ್ಲದೆ ಏಳು ಕಾಯಿ ತುರಿದು ಹಾಕಿದ್ದರು. ಅಷ್ಟಕ್ಕೂ ಬೆಲ್ಲ, ಪುರಿ ಕಲಸಿ ಅಂಗಳದಲ್ಲಿದ್ದವರಿಗೆಲ್ಲ ಕೈಗೆ ಕೊಟ್ಟರು. ಜನ ತಿನ್ನುತ್ತಾ ಜಗಳ ಆಡುತ್ತಾ ಬಹಳ ಹೊತ್ತು ಎದ್ದು ಹೋಗಲೇ ಇಲ್ಲ.

ಮಾರನೆಯ ಬೆಳಿಗ್ಗೆ ಟೀವಿ ಒಪ್ಪಿಸಲು ಹೋದಾಗ ಮಂಗಳಮ್ಮನವರು ಮಣೆ ಹಾಕಿಕೊಂಡು ಕಾಯುತ್ತಿದ್ದರು. ನಾನು ತುಂಗಾ ಆದೆ, ಭೀಮಣ್ಣ ಆದೆ, ಕಬಡ್ಡಿಯನ್ನೂ ಆಡಿದೆ. ಸೂರು ನೋಡುತ್ತಾ ಕೂತದ್ದನ್ನು ಮಾಡಿ ತೋರಿಸಿದಾಗ ಅವರು ನಿಜವಾಗಿಯೂ ಅತ್ತರು. ಯಜಮಾನರು ಅಂಗಡಿಯ ಹಿಂಬಾಗಿಲಿಗೆ ಒರಗಿ ಎಲ್ಲವನ್ನೂ ಕೇಳಿದರು. ಮುಗಿದ ಮೇಲೆ, ಆ ಇಎಚ್‌ಟಿ ನಂಬರ್ ಬರೆದುಕೊಂಡು ಬಂದೆಯಾ ಎಂದರು.

ಬರೆದುಕೊಂಡಿರಲಿಲ್ಲ. ಅದೇ ಬಸ್ಸಿಗೆ ಮತ್ತೆ ಓಡಿದೆ.

ಪಂಚಾಕ್ಷರಿ ಮುಂದಿನ ತಿಂಗಳು ಊರಿಗೆ ಹೋಗಿ ಬರುವಾಗ ಅಂಗಡಿಗೆ ಬಂದ. ಬಾಗಿಲಲ್ಲೇ ನಗುತ್ತಿದ್ದ. ಅಮ್ಮ ಊಟಕ್ಕೆ ಹಾಕಿ ಎದುರಿಗೆ ಕೂತು, ಅವನ ಮುಖವನ್ನೇ ಬಹಳ ಹೊತ್ತು ನೋಡಿದರಂತೆ. ಆಮೇಲೆ, "ಕಾಗ್ದ ಸುಟ್ಟಿದ್ದು ತಪ್ಪೇ ಕಣಪ್ಪ. ಆದ್ರೆ ಚೆನ್ನಾಗಿ ಸುಟ್ಟೆ" ಎಂದರಂತೆ. ಅಷ್ಟು ಹೇಳಿ ಅವನು ಸಾಕು ಎಂದರೂ ಕೇಳದೆ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದರಂತೆ.